ಲೆಕ್ಕಕ್ಕಿಲ್ಲದ ಮೀನು

ಉಣ್ಣೆಯ ಕಾಲುಚೀಲ ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಅಷ್ಟಕ್ಕೇ ಅವನು ಬೆಳಗಿನ ಏಳು ಗಂಟೆಗೆ ಇಡೀ ಮನೆಯ ಮೇಲೆ ಹರಿಹಾಯ್ದ. ಮಂಚದ ಕೆಳಗೆ ತಲೆ ತೂರಿಸಿ ಬೈದ, ಒಗೆದ ಬಟ್ಟೆಯ ರಾಶಿ ಕೆದಕಿ ಬೈದ, ಕೊನೆಗೆ ಸಿಕ್ಕ ಒಂದನ್ನೇ ಮುಖದೆದುರು ಹಿಡಿದು, ಜೊತೆಗಾರ ಎಲ್ಲಿ ಬಚ್ಚಿಟ್ಟುಕೊಂಡಿದ್ದಾನೆ ಹೇಳು ಎಂದು ಪೊಲೀಸಿನವನಂತೆ ವಿಚಾರಿಸಿದ. ಸಿಟ್ಟು ಕಾಲುಚೀಲದ ಮೇಲಲ್ಲ ಎಂದು ಅವನಿಗೆ ಗೊತ್ತಿತ್ತು. ಮನೆಯವರೂ ಆಫೀಸಿನವರೂ ಅವನನ್ನು ಪಟಾಕಿ ಎಂದು ಕರೆಯುವುದು ಸುಮ್ಮನೆ ಅಲ್ಲ, ಆದರೆ ಪಟಾಕಿಗೂ ಒಂದು ಬತ್ತಿ ಇರುತ್ತದೆ, ಬತ್ತಿಗೆ ಯಾರೋ ಬೆಂಕಿ ಇಟ್ಟಿರುತ್ತಾರೆ. ಇವತ್ತಿನ ಬತ್ತಿಗೆ ಬೆಂಕಿ ಇಟ್ಟವನು ಹೋದ ವರ್ಷದ ಅವನೇ. ಅಕ್ಕ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, "ಕಾಲುಚೀಲದ ಪುರಾಣ ಆಮೇಲೆ. ನನ್ನ ನೀಲಿ ಬಕೆಟ್ ಎಲ್ಲೋ? ವರ್ಷ ಆಯ್ತು ಅದು ಕಾಣೆಯಾಗಿ. ಮುಚ್ಚಳ ಸರಿಯಾಗಿ ಕೂರ್ತಿದ್ದಿದ್ದು ಅದೊಂದಕ್ಕೇ," ಎಂದಳು. ಅವನು ಹುಡುಕುವುದನ್ನು ಅಲ್ಲಿಗೇ ಬಿಟ್ಟ.

"ನಿನ್ನ ಬಕೆಟ್ಟು ನಾನೇನು ತಿಂದ್ನಾ?"

"ತಿಂದಿದ್ರೆ ಇಷ್ಟು ಹೊತ್ತಿಗೆ ಹೊರಗೆ ಬಂದಿರೋದು," ಎಂದ ಭಾವ, ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತ. "ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೋ ಹೆಗಲು ಮುಟ್ಟಿ ನೋಡ್ಕೋತೀಯ?"

ಭಾವ ತಮಾಷೆಗೆ ಅಂದದ್ದು. ಭಾವನಿಗೆ ಎಲ್ಲವೂ ತಮಾಷೆಯೇ. ಆದರೆ ಅವನ ಕೈ ತನಗೆ ತಿಳಿಯದಂತೆ ನಿಜವಾಗಿಯೂ ಹೆಗಲಿನ ಮೇಲೆ ಹೋಗಿತ್ತು. ಅಲ್ಲಿಂದ ಕೈ ಇಳಿಸಲು ನಾಚಿಕೆಯಾಗಿ ಸುಮ್ಮನೆ ಕೆರೆದುಕೊಂಡ. ಭಾವನದೇ ಒಂದು ದಪ್ಪ ಕಾಲುಚೀಲ ಒಂದು ಕಾಲಿಗೆ, ತನ್ನದು ಇನ್ನೊಂದಕ್ಕೆ ಹಾಕಿಕೊಂಡು ಇಬ್ಬರೂ ಹೊರಟರು.

ಬೀದಿಗಿಳಿದರೆ ಎಂಥ ಬಿಸಿಲು! ತೊಳೆದಿಟ್ಟ ತಟ್ಟೆಯಂಥ ಬೆಳಗು. ಇಂಥ ದಿನ ನೀರು ತಳದವರೆಗೂ ಕಾಣುತ್ತದೆ ಎಂದು ಮೊದಲು ಖುಷಿಯಾಯಿತು, ತಳದವರೆಗೂ ಕಾಣುತ್ತದಲ್ಲ ಎಂದು ಮರುಕ್ಷಣವೇ ಎದೆ ಹಾರಿತು. ಇಸ್ತ್ರಿ ಅಂಗಡಿಯಾಚೆ, ಬಸ್ ಶೆಡ್ಡಿನಾಚೆ ಸೇತುವೆ. ಐದು ವರ್ಷದ ಹಿಂದೆ ಜನ ಈ ಸೇತುವೆಯನ್ನು ಮೂಗು ಹಿಡಿದುಕೊಂಡು ಓಡಿ ದಾಟುತ್ತಿದ್ದರು. ಬಣ್ಣದ ಕಾರ್ಖಾನೆಯವರು ಒಂದು ದಿನ ಕೆಂಪು ಬಿಟ್ಟರೆ ಹೊಳೆ ಕೆಂಪು, ಒಂದು ದಿನ ಹಸಿರು ಬಿಟ್ಟರೆ ಹಸಿರು. ನೀರಿನ ಪರೀಕ್ಷೆಗೆಂದು ಅಧಿಕಾರಿಗಳು ಬಾಟಲಿ ಹಿಡಿದು ಬರುವ ದಿನ ಮಾತ್ರ ಏನೂ ಬಿಡುತ್ತಿರಲಿಲ್ಲ. ಬಾಟಲಿಯಲ್ಲಿ ಎಲ್ಲವೂ ಸ್ವಚ್ಛ. ಆಗ ಹೊಳೆಯನ್ನು ಸರಿಪಡಿಸಲು ಬಂದವರು ಮೇಡಂ, ಅವನೂ ಭಾವನೂ ಕೆಲಸಕ್ಕೆ ಸೇರಿದ್ದು ಅವರ ಕೈಕೆಳಗೆ. ಮೀನಿನ ವಿಷಯ ಓದಿ ತಲೆ ನರೆಸಿಕೊಂಡ ಹೆಂಗಸು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಕೊಚ್ಚೆಗೆ ಇಳಿದವರು. "ಬಾಟಲಿ ಹೇಳೋದು ಈ ಗಳಿಗೆ ಸುದ್ದಿ ಕಣೋ. ಮೀನು ವರ್ಷದ ಸುದ್ದಿ ಹೇಳುತ್ತೆ. ಅದು ರಜಾ ಹಾಕಿ ಊರಿಗೆ ಹೋಗೋ ಹಾಗಿಲ್ಲ, ಇಲ್ಲೇ ಉಸಿರಾಡ್ಬೇಕು, ಇಲ್ಲೇ ಸಂಸಾರ ಮಾಡ್ಬೇಕು," ಎಂದು ಮೊದಲ ದಿನವೇ ಹೇಳಿದ್ದರು. ಯಾವ ಮೀನಿದೆ, ಯಾವುದು ಬಿಟ್ಟುಹೋಗಿದೆ, ಎಷ್ಟರ ಮೈಮೇಲೆ ಹುಣ್ಣಿದೆ, ಮರಿಗಳಿವೆಯೇ ಎಂದು ಎಣಿಸಿ ಹೊಳೆಗೆ ಅಂಕ ಕೊಡುವುದು. ಆ ಮೊದಲ ವರ್ಷ ಸಿಕ್ಕಿದ್ದು ಕೊಚ್ಚೆಯಲ್ಲೂ ಬದುಕುವ ಸೊಳ್ಳೆಮೀನು ಮಾತ್ರ, ಅಂಕ ಹದಿನಾರು. ಹೊಳೆಯೂ ತನ್ನ ಹಾಗೆ ಫೇಲಾದದ್ದು ಎಂದು ಅವತ್ತು ಅವನಿಗೆ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತ್ತು.

ಅವನು ಫೇಲಾದದ್ದು ಈ ಹೊಳೆಯ ದಂಡೆಯ ಮೇಲೆಯೇ, ಅಗೋ ಆ ಹಳದಿ ಗೋಡೆಯ ಶಾಲೆಯಲ್ಲಿ, ಎರಡನೇ ಕಿಟಕಿಯ ಪಕ್ಕ. ಮೇಷ್ಟರು ಎದ್ದು ನಿಂತು ಓದು ಎಂದಿದ್ದರು. ಮೂರನೇ ಸಾಲಿನಲ್ಲಿ ನಾಲಿಗೆ ಸಿಕ್ಕಿಕೊಂಡಿತು, ಮತ್ತೆ ಓದು ಎಂದರು, ಮತ್ತೆ ಅಲ್ಲೇ ಸಿಕ್ಕಿಕೊಂಡಿತು, ಹಿಂದಿನ ಬೆಂಚು ಕಿಸಕ್ಕೆಂದಿತು. ಅವನು ಪುಸ್ತಕವನ್ನು ಕಿಟಕಿಯಿಂದ ಹೊಳೆಗೆ ಎಸೆದ. "ಹೋಗಿ ಎತ್ಕೊಂಡು ಬಾ," ಎಂದರು ಮೇಷ್ಟರು. ಹೋದವನು ಹೋದ. ಅಂದಿನಿಂದ ಕಾಗದ ಕಂಡರೆ ಅವನಿಗೆ ಕಿವಿ ಬಿಸಿಯಾಗುತ್ತದೆ. ಓದಲು ಬರುವುದಿಲ್ಲ ಎಂದಲ್ಲ, ಸಾವಧಾನವಾಗಿ ಓದಿದರೆ ಎಲ್ಲವೂ ಬರುತ್ತದೆ, ಆದರೆ ಎದುರಿಗೆ ಒಬ್ಬರು ನಿಂತು ಕಾಯುತ್ತಿದ್ದರೆ ಹಿಂದಿನ ಬೆಂಚು ಮತ್ತೆ ಕಿಸಕ್ಕೆನ್ನುತ್ತದೆ. ಆದ್ದರಿಂದ ಎಲ್ಲಿ ಎಂದರೆ ಅಲ್ಲಿ, ಓದದೆ, ಗೀಚಿ ಬಿಸಾಡುವಂತೆ ಸಹಿ ಹಾಕುತ್ತಾನೆ.

ಹೋದ ವರ್ಷ ದೊಡ್ಡ ಸಾಹೇಬರು ಹೊಳೆ ನೋಡಲು ಬಂದದ್ದು. ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ ಬಂದರು, ಆಗ ವಾಸನೆಯೇ ಉಳಿದಿರಲಿಲ್ಲ. ತಳದ ಸಿಮೆಂಟು ಕಿತ್ತು ಗುಂಡುಕಲ್ಲು, ಜಲ್ಲಿ ಹಾಸಿ ಮೂರು ಬೇಸಿಗೆ ಕಳೆದಿತ್ತು. ಆ ಕಲ್ಲುಗಳಲ್ಲಿ ಅರ್ಧಕ್ಕರ್ಧ ಅವನ ಸೊಂಟದ ಮೇಲೆಯೇ ಹೊಳೆಗಿಳಿದವು. ಸಾಹೇಬರು ಬಲೆ ಹಿಡಿದು ನಿಂತಿದ್ದ ಅವನನ್ನು ನೋಡಿ, "ಏನಪ್ಪಾ, ಮಾರ್ಕೆಟ್ಟಲ್ಲಿ ಮೀನು ಸಿಗಲ್ವಾ ನಿನಗೆ?" ಎಂದು ನಕ್ಕರು. ಆಮೇಲೆ ನಿಯಮ ಓದಿದರು: ಎರಡು ವರ್ಷ ಒಂದಾದ ಮೇಲೊಂದು ನಲವತ್ತು ಅಂಕ ದಾಟಿದರೆ ಕೆಲಸ ಮುಂದುವರಿಯುತ್ತದೆ, ಮೊದಲ ಸಲಕ್ಕೆ ಮೀನಿನ ದಾರಿ ತಡೆದಿರುವ ಎರಡು ಒಡ್ಡುಗಳಲ್ಲಿ ಮೇಲಿನದನ್ನು ಒಡೆಯಬಹುದು, ಎರಡನೆಯದಕ್ಕೆ ಕೆಳಗಿನದು, ಯಾವ ವರ್ಷ ತಪ್ಪಿದರೂ ಹೊಳೆಯ ಮೇಲೆ ಚಪ್ಪಡಿ ಹಾಸಿ ಗಾಡಿ ನಿಲ್ಲಿಸುವ ಜಾಗ ಮಾಡುವುದು. ಚಪ್ಪಡಿಯ ಕೆಳಗಿನ ಕತ್ತಲೆ ಅವನ ಕಣ್ಣಿಗೆ ಅಲ್ಲೇ ಕಟ್ಟಿತು. ಎಣಿಕೆಗೆ ಉಳಿದಿದ್ದು ಎರಡು ದಿನ. ಮಾರನೆಯ ಬೆಳಿಗ್ಗೆ ಅಕ್ಕನ ನೀಲಿ ಬಕೆಟ್ ಹಿಡಿದು ಎರಡು ಬಸ್ಸು ಬದಲಿಸಿ, ಹೊಳೆ ಇನ್ನೂ ಊರನ್ನು ಕಾಣದ ಜಾಗಕ್ಕೆ ಹೋಗಿ, ಕಲ್ಲಡಿ ಮೀನು ಹಿಡಿದ. ಬೆರಳುದ್ದದ, ಮಚ್ಚೆಮಚ್ಚೆಯ ಮೀನು. ಶುದ್ಧ ಜಲ್ಲಿಯ ಸಂದಿಯಲ್ಲಿ ಮಾತ್ರ ಮೊಟ್ಟೆ ಇಡುವ ಮಾನವಂತ ಜಾತಿ, ಅದು ಇದ್ದರೆ ಹೊಳೆಗೆ ಅಂಕ. ಹನ್ನೊಂದು ಸಿಕ್ಕಿದವು. ಬಸ್ಸಿನಲ್ಲಿ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ಓರೆ ಮಾಡಿ ಕೈಯಿಂದ ನೀರು ಕಡೆಯುತ್ತ ಬಂದ. ಪಕ್ಕದ ಹೆಂಗಸು ಏನಪ್ಪಾ ಅದು ಎಂದರೆ "ಔಷಧಿ" ಎಂದ. ಯಾರಿಗೆ ಎಂದಳು. "ಒಬ್ಬರಿಗೆ ತುಂಬಾ ಸೀರಿಯಸ್ಸು," ಎಂದ. ಸೇತುವೆಯ ಕೆಳಗೆ, ಎರಡು ಒಡ್ಡುಗಳ ನಡುವೆ ಅವನ್ನು ಬಿಡುವ ಮೊದಲು, ಸಣ್ಣ ಕತ್ತರಿಯಿಂದ ಒಂದೊಂದರ ಹೊಟ್ಟೆಯ ಕೆಳಗಿನ ಎಡ ಈಜುರೆಕ್ಕೆಯ ತುದಿಯನ್ನು, ಮೇಡಂ ಗುರುತು ಮಾಡಲು ಕಲಿಸಿಕೊಟ್ಟಂತೆ, ಓರೆಯಾಗಿ ಕತ್ತರಿಸಿದ. ಯಾಕೆ ಎಂದು ಇವತ್ತಿಗೂ ಅವನಿಗೆ ಸರಿಯಾಗಿ ಗೊತ್ತಿಲ್ಲ. ತಾನು ಹೇಳಿದ ಸುಳ್ಳನ್ನು ಎಂದಾದರೂ ಎದುರಿಗೆ ಕಂಡರೆ ತಾನಾದರೂ ಗುರುತು ಹಿಡಿಯಬೇಕು ಅನ್ನಿಸಿತ್ತು. ಯಾರೋ ಬಂದ ಸದ್ದಾಗಿ ಬಕೆಟ್ಟನ್ನು ಪೊದೆಗೆ ತಳ್ಳಿ ಓಡಿದ್ದ. ಆಮೇಲೆ ಹುಡುಕಿದರೆ ಇರಲಿಲ್ಲ.

ಅಂಕ ನಲವತ್ತೊಂದು ಬಂತು. ಮೇಲಿನ ಒಡ್ಡು ಒಡೆದಾಗ ಜನ ಸೇತುವೆಯ ಮೇಲೆ ನಿಂತು ಸಿಳ್ಳೆ ಹಾಕಿದರು, ಭಾವ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವನೊಬ್ಬನಿಗೇ ಅದು ಕದ್ದ ಊಟದಂತೆ ಗಂಟಲಲ್ಲಿ ನಿಂತಿತ್ತು. ಕಲ್ಲಡಿ ಮೀನಿನ ಎರಡು ಅಂಕ ಕಳೆದರೆ ಮೂವತ್ತೊಂಬತ್ತು. ವರ್ಷವಿಡೀ ಅದೇ ಕಳೆಯುವ ಲೆಕ್ಕ: ಊಟಕ್ಕೆ ಕೂತಾಗ ಮೂವತ್ತೊಂಬತ್ತು, ಸ್ನಾನಕ್ಕೆ ನಿಂತಾಗ ಮೂವತ್ತೊಂಬತ್ತು. ಇವತ್ತು ಎರಡನೇ ಎಣಿಕೆ. ಕಲ್ಲಡಿ ಮೀನು ಸಿಗದಿದ್ದರೆ ಹೊಳೆ ಸತ್ತಿತು. ಸಿಕ್ಕಿ, ಹೋದ ಸಲ ಯಾರ ಕಣ್ಣಿಗೂ ಬೀಳದ ಮೋಟು ಎಡ ರೆಕ್ಕೆ ಈ ಸಲ ಕಂಡುಬಿಟ್ಟರೆ ತಾನು ಸತ್ತ, ತನ್ನ ಜೊತೆ ಹೊಳೆಯೂ ಸತ್ತಿತು. ಅತ್ತ ದರಿ, ಇತ್ತ ಪುಲಿ. ರೆಕ್ಕೆ ಎರಡೂ ಇರುವ ಮೀನೊಂದು ತಾನಾಗಿ ಬಂದಿರಬಹುದು ಎಂಬ ಮೂರನೆಯ ದಾರಿಯನ್ನು ನೆನೆಯಲೂ ಅವನಿಗೆ ಧೈರ್ಯವಿರಲಿಲ್ಲ.

"ಬಂದ್ರಪ್ಪಾ ಅಳಿಯ ದೇವರು!" ದಂಡೆಯ ಮೇಲೆ ಮಡಿಚುವ ಕುರ್ಚಿ ಹಾಕಿ, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಫಾರಂ ಇಟ್ಟುಕೊಂಡಿದ್ದ ಗುಮಾಸ್ತರು ಕೈಮುಗಿದರು. ಎಂಥ ಬಿಸಿಲಿಗೂ ಅವರ ಕತ್ತಿಗೆ ಮಫ್ಲರ್ ಬೇಕು. "ಮುಖ ಯಾಕೋ ಪಟಾಕಿ ಹೀಗೆ, ಒದ್ದೆಯಾದವನ ಥರ? ನೀರಿಗೆ ಇಳಿದಿಲ್ಲ ಇನ್ನೂ!"

"ನೀವು ಬರೆಯೋದು ನೋಡ್ಕೊಳ್ಳಿ ಸಾರ್. ಹೋದ ಸಲ ಒಂಬತ್ತನ್ನ ಆರು ಮಾಡಿದ್ರಿ."

"ತಲೆಕೆಳಗಾಗಿ ನೋಡಿದ್ರೆ ಎಲ್ಲ ಒಂದೇ ಕಣೋ."

ಮೇಡಂ ಆಗಲೇ ನೀರಿನಲ್ಲಿದ್ದರು, ಎಣಿಕೆಯ ನೂರು ಮೀಟರಿನ ಎರಡೂ ತುದಿಗೆ ಅಡ್ಡಬಲೆ ಕಟ್ಟಿಸಿ. ಎದೆಯವರೆಗಿನ ರಬ್ಬರು ಉಡುಪು ತೊಟ್ಟು ಇವರಿಬ್ಬರೂ ಇಳಿದರು. ಭಾವನ ಬೆನ್ನಿಗೆ ಬ್ಯಾಟರಿ ಪೆಟ್ಟಿಗೆ, ಕೈಯಲ್ಲಿ ಬಳೆಯಂಥ ತುದಿಯ ಕೋಲು. ನೀರಿಗೆ ಸಣ್ಣಗೆ ಕರೆಂಟು ಬಿಟ್ಟರೆ ಮೀನು ಸಾಯುವುದಿಲ್ಲ, ತಲೆ ತಿರುಗಿದವರಂತೆ ಒಂದು ಗಳಿಗೆ ವಾಲುತ್ತದೆ, ಆ ಗಳಿಗೆಯಲ್ಲಿ ಅವನ ಬಲೆ ಕೆಳಗಿರಬೇಕು. ಅವನ ಕೈ ಈ ಒಂದು ಕೆಲಸದಲ್ಲಿ ಎಂದೂ ತೊದಲುವುದಿಲ್ಲ. ನೀರು ಮಂಡಿಗೆ, ತೊಡೆಗೆ ತಣ್ಣಗೆ ಒತ್ತಿಕೊಂಡಾಗ ಬೆಳಗಿನಿಂದ ಕುದಿಯುತ್ತಿದ್ದುದೆಲ್ಲ ಅರ್ಧ ಇಳಿಯಿತು. ಹೆದರಿಕೆಯಲ್ಲಿದ್ದವನಿಗೆ ಇಷ್ಟು ಸುಖವಾಗಬಾರದು ಎಂದು ಅದರ ಮೇಲೂ ಕೋಪ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಬೆಳ್ಳಿಬೆನ್ನಿನವು ಎದ್ದವು, ಮೀಸೆಯವು ಎದ್ದವು, ಹೊಟ್ಟೆ ಕೆಂಪಗಿನದೊಂದು ಬಲೆಯಿಂದ ಹಾರಿ ಭಾವನ ಗಲ್ಲಕ್ಕೆ ಬಡಿದು ಬಿತ್ತು. "ಹೊಡೀತಲ್ಲೋ ನನ್ನ! ನಿಮ್ಮಕ್ಕನ ಕಡೇದೇ ಇರ್ಬೇಕು," ಎಂದ ಭಾವ. ಮೈಮೇಲೆ ಹುಣ್ಣಿದ್ದದ್ದು ಒಂದೇ ಒಂದು. ಆದರೆ ಮೊದಲ ಸುತ್ತು ಮುಗಿದಾಗ ಕಲ್ಲಡಿ ಮೀನು ಇರಲಿಲ್ಲ. ಗುಮಾಸ್ತರು ಆ ಸಾಲಿನಲ್ಲಿ ಗೆರೆ ಎಳೆದ ಸದ್ದು ಅವನಿಗೆ ನೀರಿನ ಸದ್ದಿನ ಮೇಲೂ ಕೇಳಿಸಿತು.

ಎರಡನೇ ಸುತ್ತು. ಶಾಲೆಯ ಕಿಟಕಿಯ ನೇರಕ್ಕೆ, ಅವನೇ ಇಟ್ಟಿದ್ದ ಒಂದು ಚಪ್ಪಟೆ ಕಲ್ಲಿನ ಕೆಳಗಿನಿಂದ, ಕಲ್ಲೇ ಒಂದು ಚೂರು ಕಳಚಿಕೊಂಡಂತೆ ಮಚ್ಚೆಮಚ್ಚೆಯದೊಂದು ಹೊರಳಿತು. ಬಲೆ ತಾನಾಗಿ ಹೋಯಿತು. ಅವನು ಭಾವನಿಗೆ ಬೆನ್ನು ಹಾಕಿ, ಕೈಗವಸಿನ ಬೆರಳಿಂದ ಅದನ್ನು ಮಗುಚಿದ. ಯಾರದೋ ಕಾಗದವನ್ನು ಕದ್ದು ಓದುವವನಂತೆ ಕತ್ತು ಬಗ್ಗಿಸಿ ನೋಡಿದ. ಬಲ ರೆಕ್ಕೆ ಇತ್ತು. ಎಡ ರೆಕ್ಕೆ, ಬೀಸಣಿಗೆಯಂತೆ, ಒಂದು ಎಳೆಯೂ ಕೊರೆಯಿಲ್ಲದೆ ಬಿಚ್ಚಿಕೊಂಡಿತು. ಅವನು ಮತ್ತೆ ನೋಡಿದ. ಬಲ ಯಾವುದು ಎಡ ಯಾವುದು ಎಂದು ತಲೆ ಕೆಟ್ಟು, ತನ್ನ ಊಟದ ಕೈ ನೆನೆದು ಮತ್ತೊಮ್ಮೆ ನೋಡಿದ. ಎರಡೂ ಇದ್ದವು! ಇದು ಅವನದಲ್ಲ. ಇದನ್ನು ಯಾರೂ ತಂದಿಲ್ಲ. ಒಡೆದ ಒಡ್ಡನ್ನು ದಾಟಿ, ಯಾರನ್ನೂ ಕೇಳದೆ, ಜಾಗ ನೋಡಿ, ಒಪ್ಪಿ, ಬಂದು ಕೂತಿದೆ.

"ಏನೋ, ಏನು ಸಿಕ್ತು?" ಎಂದರು ಮೇಡಂ.

"ಕಲ್ಲಡಿ!" ಎಂದು ಕೂಗಿದ, ಕೂಗಿಗೆ ಸೇತುವೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಆಮೇಲೆ ತಡೆಯಿಲ್ಲ. ಎರಡು, ಮೂರು, ಐದು. ಪ್ರತಿಯೊಂದನ್ನೂ ಮಗುಚಿದ, ಎಲ್ಲಕ್ಕೂ ಜೋಡಿ ರೆಕ್ಕೆ. ಜಲ್ಲಿಯ ಸಂದಿಯಿಂದ ಉಗುರಿನಷ್ಟು ಮರಿಗಳು, ಈ ವರ್ಷ ಹುಟ್ಟಿದವು, ಗಾಜಿನ ಚೂರುಗಳಂತೆ ಬಲೆಯಲ್ಲಿ ಮಿಣಮಿಣ. ಮೂರನೇ ಸುತ್ತಿನ ಅರ್ಧಕ್ಕೆ ದೊಡ್ಡವು ಒಂಬತ್ತು, ಮರಿ ಹದಿನೈದು. ಮೇಡಂ ಬೆರಳು ಮಡಿಸುತ್ತ ಅಲ್ಲೇ ಕೂಡಿಸಿ, "ನಲವತ್ತಾರಕ್ಕೆ ಕಮ್ಮಿ ಇಲ್ಲ," ಎಂದರು. ಗುಮಾಸ್ತರು ಎದ್ದು ನಿಂತು ಕುರ್ಚಿ ಬೀಳಿಸಿದರು. ಮುಗಿಯಿತು, ಗೆದ್ದೆವು, ಇನ್ನು ಆ ಹನ್ನೊಂದರ ವಿಷಯ ತನ್ನ ಜೊತೆ ಮಣ್ಣಾದರೂ ನಡೆಯುತ್ತದೆ ಎಂದು ಅವನು ಉಸಿರು ಬಿಟ್ಟ. ಅಷ್ಟರಲ್ಲಿ ಸೇತುವೆಯ ಕಂಬದ ಬುಡದಿಂದ ಇನ್ನೊಂದು ಎದ್ದಿತು. ಉಳಿದವುಗಳಿಗಿಂತ ದಪ್ಪ, ಠೀವಿಯದು, ಕರೆಂಟಿಗೂ ಬೇಗ ಬಗ್ಗದ್ದು. ಬಲೆಯಲ್ಲಿ ತಾನೇ ಮಗುಚಿಕೊಂಡಿತು. ಎಡ ರೆಕ್ಕೆ ಓರೆಯಾಗಿ ಮೋಟು.

ಮಣಿಕಟ್ಟು ಒಂದಿಷ್ಟು ಸಡಿಲಿಸಿದರೆ ಸಾಕಿತ್ತು. ಭಾವ ಆ ಕಡೆ ನೋಡುತ್ತಿದ್ದ, ಬಲೆ ಇನ್ನೂ ನೀರೊಳಗೇ ಇತ್ತು. ಸಡಿಲಿಸಬೇಕು ಎಂದು ಬುದ್ಧಿ ಹೇಳಿತು. ಆದರೆ ಅವನು ನೋಡುತ್ತ ನಿಂತುಬಿಟ್ಟ. ಒಂದು ವರ್ಷ! ಬೇಸಿಗೆಯ ಕಡಿಮೆ ನೀರು, ಪ್ರವಾಹದ ಕೆಸರು, ಬಣ್ಣದ ಕಾರ್ಖಾನೆಯವರು ಎರಡು ದಿನ ಕದ್ದು ಬಿಟ್ಟ ಕೊಳೆನೀರು, ಎಲ್ಲವನ್ನೂ ಈ ಮೋಟು ರೆಕ್ಕೆಯಲ್ಲೇ ಈಜಿಕೊಂಡು ದಾಟಿ, ದಪ್ಪಗಾಗಿ, ಹೊಟ್ಟೆ ಬಿಟ್ಟುಕೊಂಡು! ಬುದ್ಧಿ ಬಾಯಿಗೆ ಬರುವ ಮೊದಲು ಸಂತೋಷ ಬಂದುಬಿಟ್ಟಿತು.

"ನಂದು! ಬದುಕಿದೆ ಮೇಡಂ, ನಂದು ಬದುಕಿದೆ!"

ಭಾವ ಸ್ವಿಚ್ಚು ಆರಿಸಿದ. ಆಗ ತಾನು ಏನಂದೆ ಎಂಬುದು ಅವನ ಕಿವಿಗೆ ಬಿತ್ತು. ಇನ್ನು ಮುಚ್ಚಿಡುವುದಕ್ಕೇನೂ ಇರಲಿಲ್ಲ. ನೀರಲ್ಲಿ ನಿಂತೇ, ಬಸ್ಸು, ಬಕೆಟ್ಟು, ಕತ್ತರಿ, ಹನ್ನೊಂದು ಎಲ್ಲವನ್ನೂ ಬೈಗುಳದಷ್ಟೇ ವೇಗವಾಗಿ ಉಗುಳಿದ. "ಇದನ್ನ ಬರೀಬೇಡಿ. ಹೋದ ವರ್ಷದ್ದೂ ಹೊಡೆದುಹಾಕಿ. ಮೂವತ್ತೊಂಬತ್ತು ಅದು. ನನ್ನ ಕೆಲಸ ತೆಗೀರಿ ಬೇಕಾದ್ರೆ, ಹೊಳೆಗೆ ಮಾತ್ರ ಏನೂ ಮಾಡಬೇಡಿ."

ಮೇಡಂ ಹತ್ತಿರ ಬಂದು ಬಲೆಗೆ ಕೈ ಹಾಕಿ ಮೀನನ್ನು ಬೊಗಸೆಯಲ್ಲಿ ಎತ್ತಿದರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. "ಇದು ಐದನೇದು," ಎಂದರು. "ಹೋದ ವರ್ಷ ನಾಲ್ಕು ಸಿಕ್ಕಿದ್ವು. ಇಷ್ಟು ನೀಟಾಗಿ ಓರೆ ಕತ್ತರಿಸೋನು ಈ ಊರಲ್ಲಿ ಇನ್ಯಾರಿದ್ದಾರೆ? ನಾನೇ ಕಲಿಸಿದ್ದು. ಆ ನಾಲ್ಕನ್ನೂ ಅವತ್ತೇ ಲೆಕ್ಕದಿಂದ ತೆಗೆದಿದ್ದೆ. ತೆಗೆದ ಮೇಲೇನೇ ನಲವತ್ತೊಂದು ಬಂದಿದ್ದು, ಹೊಳೆ ತನ್ನ ಯೋಗ್ಯತೆ ಮೇಲೇ ಪಾಸಾಗಿತ್ತು ಕಣೋ."

"ತೆಗೆದಿದ್ರಾ? ನನಗೆ ಹೇಳಲಿಲ್ಲ!"

"ಹೇಳೋದೇನು, ಫಾರಂನಲ್ಲೇ ಬರೆದಿದೆ. 'ರೆಕ್ಕೆ ಕತ್ತರಿಸಿ ಹೊರಗಿನಿಂದ ತಂದವು ನಾಲ್ಕು, ಲೆಕ್ಕಕ್ಕಿಲ್ಲ.' ಅದರ ಕೆಳಗೆ ಸಹಿ ಯಾರದು?"

ಗುಮಾಸ್ತರು ಚೀಲದಿಂದ ಹಳೆಯ ಫಾರಂ ತೆಗೆದು ದಂಡೆಯಿಂದಲೇ ಎತ್ತಿ ತೋರಿಸಿದರು. ಇಷ್ಟು ದೂರಕ್ಕೂ ಕಂಡಿತು: ಗೀಚಿ ಬಿಸಾಡಿದ ಅವನದೇ ಸಹಿ. "ನೀನಾಗಿ ಬಂದು ಹೇಳ್ತೀಯ ಅಂತ ಕಾದೆ," ಎಂದರು ಮೇಡಂ. "ಬರಲಿಲ್ಲ. ಆಮೇಲೆ ಕೇಳೋಣ ಅಂದ್ರೆ ನಿನ್ನ ಕೋಪ ನೋಡಿ ಭಯ ಆಯ್ತು." ದಂಡೆಗೆ ಹೋಗಿ ತಮ್ಮ ಗಾಡಿಯ ಹಿಂಬದಿಯಿಂದ ಮುಚ್ಚಳವಿದ್ದ ನೀಲಿ ಬಕೆಟ್ ತಂದು, ನೀರು ತುಂಬಿ, ಮೀನನ್ನು ಅದರೊಳಗೆ ಬಿಟ್ಟರು. "ಇದೂ ನಿಮ್ಮ ಮನೇದೇ ಇರ್ಬೇಕು. ಪೊದೇಲಿ ಸಿಕ್ತು."

"ಲೋ, ನಮ್ಮ ಬಕೆಟ್ಟು!" ಭಾವ ನೀರಲ್ಲೇ ಕುಣಿದ. "ನಿಮ್ಮಕ್ಕ ವರ್ಷದಿಂದ ನನ್ನ ತಲೆ ತಿಂದಳಲ್ಲೋ! ಆಟಕ್ಕುಂಟು ಲೆಕ್ಕಕ್ಕಿಲ್ಲ, ನೀನೂ ನಿನ್ನ ಮೀನೂ!"

ಇಂಗು ತಿಂದ ಮಂಗನ ಹಾಗೆ ಅವನು ನಿಂತಿದ್ದ. ಒಂದು ವರ್ಷ ಒಬ್ಬನೇ ಹೊತ್ತ ಭಾರವನ್ನು ತಾನೇ ಸಹಿ ಮಾಡಿ ಇಳಿಸಿ ಬಂದಿದ್ದನಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಮೇಡಂ, ಗುಮಾಸ್ತರು ಇಬ್ಬರೂ ಕೂತು ನೋಡಿದ್ದರಲ್ಲ. ಕೋಪ ಕಾಲಿನಿಂದ ಹೊರಟಿತು, ಹೊಟ್ಟೆಯವರೆಗೂ ಬಂತು, ಗಂಟಲಿಗೆ ಬಂದಾಗ ಅದು ಕೋಪವಾಗಿರಲಿಲ್ಲ. ನಗು ಅವನನ್ನು ಹಿಡಿದು ಅಲ್ಲಾಡಿಸಿತು. ರಬ್ಬರು ಉಡುಪಿನೊಳಗೆ ನೀರು ನುಗ್ಗುವವರೆಗೂ ಬಗ್ಗಿ ಬಗ್ಗಿ ನಕ್ಕ. ನಗು ನಿಂತಾಗ ಮಾತ್ರ ಒಂದು ಹೆದರಿಕೆ ಉಳಿದಿತ್ತು. "ಮೇಡಂ, ಮರಿಗಳು? ಅವೂ ನನ್ನವುಗಳದೇ ಆಗಿದ್ರೆ?"

"ಅಪ್ಪ ಅಮ್ಮ ಯಾರು ಅಂತ ಕೇಳೋ ಕಾಲಂ ನಮ್ಮ ಫಾರಂನಲ್ಲಿಲ್ಲ. ಇಲ್ಲಿ ಹುಟ್ಟಿದ್ದು ಇಲ್ಲೀದೇ. ಬಾ ಮೇಲೆ, ಸಹಿ ಹಾಕು, ಇವನ್ನ ಬಿಟ್ಟು ಮನೆಗೆ ಹೋಗೋಣ."

ಮೇಲೆ ಬಂದ. ತೊಟ್ಟಿಕ್ಕುವ ಮೈ, ಕಾಲ ಬಳಿ ನೀಲಿ ಬಕೆಟ್, ಅದರಲ್ಲಿ ಮೋಟು ರೆಕ್ಕೆಯದು ಸುತ್ತು ಹಾಕುತ್ತಿತ್ತು. ಗುಮಾಸ್ತರು ಎಂದಿನಂತೆ ಕೊನೆಯ ಪುಟ ಮಡಿಚಿ, ಪೆನ್ನು ಚಾಚಿ, ಸಹಿಯ ಜಾಗಕ್ಕೆ ಬೆರಳಿಟ್ಟರು. ಅವನು ಬೆರಳು ಸರಿಸಿ, ಹಲಗೆಯನ್ನೇ ಕಿತ್ತುಕೊಂಡು ಮೊದಲ ಪುಟ ತೆಗೆದ. "ನಗರದ... ಹೊಳೆಯ... ಮತ್ಸ್ಯ... ಸಮುದಾಯದ..." ಎದುರಿಗೆ ಮೂವರು ನಿಂತು ಕಾಯುತ್ತಿದ್ದರು. ಸೇತುವೆಯ ಮೇಲಿನವರೂ ಬಗ್ಗಿ ನೋಡುತ್ತಿದ್ದರು. ಕಿವಿ ಬಿಸಿಯಾಯಿತು, ಹಿಂದಿನ ಬೆಂಚಿಗಾಗಿ ಒಂದು ಗಳಿಗೆ ಕಾದ. ಹಳದಿ ಗೋಡೆಯ ಎರಡನೇ ಕಿಟಕಿ ತೆರೆದಿತ್ತು, ಅಲ್ಲಿಂದ ಬಂದದ್ದು ಯಾವುದೋ ತರಗತಿಯ ಮಗ್ಗಿಯ ಸದ್ದು ಮಾತ್ರ.

"ಲೋ, ಬೇಗ! ಹಸಿವು ಕಣೋ," ಎಂದರು ಗುಮಾಸ್ತರು.

"ಓದಲಿ ಬಿಡಿ," ಎಂದರು ಮೇಡಂ, ಅವರ ಬಿದ್ದ ಕುರ್ಚಿಯನ್ನು ಎತ್ತಿ ತಾವೇ ಕೂತು.

ಒಂದೊಂದು ಪದಕ್ಕೂ ಒದ್ದೆ ಬೆರಳಿಟ್ಟು, ಗಟ್ಟಿಯಾಗಿ, ಸಿಕ್ಕಿಕೊಂಡಲ್ಲಿ ನಿಂತು, ಬಿಡಿಸಿಕೊಂಡು ಓದಿದ. "ಕಲ್ಲಡಿ, ದೊಡ್ಡವು, ಒಂಬತ್ತು. ಮರಿ... ಹದಿನಾಲ್ಕು. ಹದಿನಾಲ್ಕಲ್ಲ ಸಾರ್, ಹದಿನೈದು! ತಿದ್ದಿ." ಗುಮಾಸ್ತರು ಗೊಣಗಿಕೊಂಡು ತಿದ್ದಿದರು. "ರೆಕ್ಕೆ ಕತ್ತರಿಸಿದ್ದು, ಒಂದು. ಲೆಕ್ಕಕ್ಕಿಲ್ಲ." ಅದನ್ನು ಎರಡು ಸಲ ಓದಿದ, ಬಕೆಟ್ಟಿನ ಕಡೆ ನೋಡಿಕೊಂಡು. ಕೊನೆಯ ಸಾಲು ಬಂತು, ಸಹಿಯ ಜಾಗ ಬಂತು. ಗುಮಾಸ್ತರು ಮತ್ತೆ ಪೆನ್ನು ಚಾಚಿದರು. ಅವನು ಪೆನ್ನನ್ನು ತೆಗೆದು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಪುಟ ಮಗುಚಿ, ಗಂಟಲು ಸರಿಮಾಡಿಕೊಂಡು, ಸೇತುವೆಯ ಮೇಲಿನವರಿಗೂ ಕೇಳಿಸುವಂತೆ ಮತ್ತೆ ಮೊದಲಿನಿಂದ ಶುರು ಮಾಡಿದ.